ಕತ್ತಿ ಹಿಡಿದವನಿಗೆ ಮಂತ್ರ ಎಷ್ಟು ಬೇಕು?

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯಲ್ಲಿ ಒಂದೇ ಕಸುಬನ್ನು ನೆಚ್ಚಿಕೊಂಡು ಬದುಕುವವರು ಕಡಿಮೆ. ಮಾವಿನ ತೋಪಿರುವವನು ಟೊಮೆಟೊ ಹಾಕುತ್ತಾನೆ, ಟೊಮೆಟೊ ಹಾಕಿದವನು ಎರಡು ಹಸು ಕಟ್ಟುತ್ತಾನೆ, ಹಸು ಕಟ್ಟಿದವನ ಮನೆಯ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿರುತ್ತಾನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಂಡಿಯಲ್ಲಿ ಎರಡೂ. ಇಂಥ ಕಡೆಯ ಹುಡುಗರು ಫ್ರೀ ಫೈರ್ ಶುರು ಮಾಡುವ ಮೊದಲು ಯಾವ ಸ್ಕಿಲ್ ಜೊತೆ ಯಾವುದನ್ನು ಕೂಡಿಸಬೇಕು ಎಂದು ಜಗಳಕ್ಕೆ ಬೀಳುವುದು ನನಗೆ ಸೋಜಿಗ ಅನ್ನಿಸುವುದಿಲ್ಲ.

ಫ್ರೀ ಫೈರ್ ಸಿಂಗಪುರದ ಗರೀನಾ ಕಂಪನಿಯ ಆಟ. ಬಂದದ್ದು 2017ರಲ್ಲಿ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ಹುಡುಗರೆಲ್ಲ ಅದರದ್ದೇ ‘ಮ್ಯಾಕ್ಸ್’ ಆವೃತ್ತಿಗೆ ಗುಳೆ ಹೋದರು. ಅಲ್ಲಿ ಒಂದೊಂದು ಪಾತ್ರಕ್ಕೂ ತನ್ನದೇ ಆದ ಸ್ಕಿಲ್ ಇರುತ್ತದೆ. ಜೊತೆಗೆ ಬೇರೆ ಪಾತ್ರಗಳ ಸ್ಕಿಲ್‌ಗಳನ್ನೂ ಎರವಲು ತಂದು ಹಾಕಿಕೊಳ್ಳಬಹುದು. ಬಟನ್ ಒತ್ತಿದಾಗ ಕೆಲಸ ಮಾಡುವ ಆಕ್ಟಿವ್ ಒಂದು, ತಾನಾಗಿ ನಡೆಯುವ ಪ್ಯಾಸಿವ್ ಮೂರು, ಅಷ್ಟೇ ಜಾಗ. ಆಕ್ಟಿವ್ ಜಾಗದಲ್ಲಿ ವರ್ಷಗಟ್ಟಲೆ ಅಲೋಕ್ ಎಂಬ ಡಿಜೆಯದೇ ದರ್ಬಾರು. ಅವನ ಸಂಗೀತದ ವರ್ತುಲದೊಳಗೆ ನಿಂತವರಿಗೆ ಓಟವೂ ಏರುತ್ತದೆ, ಹೆಲ್ತೂ ಏರುತ್ತದೆ. ಎಲ್ಲರೂ ಅವನನ್ನೇ ಯಾಕೆ ಹಾಕಿಕೊಳ್ಳುತ್ತೀರಪ್ಪಾ ಎಂದು ಕೇಳಿ ನೋಡಿ. “ಹೆಲ್ತ್ ಬೇಕಲ್ಲಣ್ಣಾ, ಸತ್ತೋದ್ರೆ?”

ಈ “ಸತ್ತೋದ್ರೆ?” ಎಂಬ ಪ್ರಶ್ನೆಗೆ ದೊಡ್ಡ ಚರಿತ್ರೆಯಿದೆ. ಇಪ್ಪತ್ತು ವರ್ಷದ ಹಿಂದೆ, ಇನ್ನೂ ಜಟಿಲವಾದ ಆಟವೊಂದರಲ್ಲಿ, ಹೊಸಬರನ್ನೆಲ್ಲ ಸಾಲುಸಾಲಾಗಿ ಒಂದೇ ಗುಂಡಿಗೆ ಕೆಡವಿದ್ದು ಇದೇ ಪ್ರಶ್ನೆ. ಆ ಗುಂಡಿಯ ಹೆಸರು ಮೆಂಡಿಂಗ್.

ಮುಂದೆ ಹೋಗುವ ಮೊದಲು ಒಂದು ಮಾತು. ಆ ಆಟ ಫ್ಯಾಂಟಸಿ ಜಾತಿಯದು. ಫ್ಯಾಂಟಸಿ ಗೇಮ್ ಎಂದೊಡನೆ ನಮ್ಮಲ್ಲಿ ಐಪಿಎಲ್ ಸಮಯಕ್ಕೆ ದುಡ್ಡು ಕಟ್ಟಿ ತಂಡ ಆರಿಸುವ ಆ್ಯಪ್‌ಗಳು ನೆನಪಾಗುತ್ತವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ದುಡ್ಡಿನ ಆನ್‌ಲೈನ್ ಆಟಗಳಿಗೆ ಬೀಗ ಹಾಕಿತು. ಮನೆ ಮುರಿದ ಆ ಆಟಗಳ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿನ ಮಾತು ಕತ್ತಿ, ಮಂತ್ರ, ರಾಕ್ಷಸರಿರುವ ಕಲ್ಪನೆಯ ಲೋಕದ್ದು.

ಆಟದ ಹೆಸರು ಗಿಲ್ಡ್ ವಾರ್ಸ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಅರೆನಾನೆಟ್ ಕಂಪನಿ ಕಟ್ಟಿದ್ದು, ಕೊರಿಯಾದ ಎನ್‌ಸಿಸಾಫ್ಟ್ 2005ರ ಏಪ್ರಿಲ್‌ನಲ್ಲಿ ಹೊರತಂದದ್ದು. ಆಗಿನ ಇಂಥ ಆನ್‌ಲೈನ್ ಆಟಗಳಲ್ಲಿ ಹೆಚ್ಚಿನವಕ್ಕೆ ತಿಂಗಳ ಬಾಡಿಗೆ ಕಟ್ಟಬೇಕಿತ್ತು; ಇದಕ್ಕೆ ಒಮ್ಮೆ ಕೊಂಡರೆ ಮುಗಿಯಿತು. ಲೆವೆಲ್ ಇಪ್ಪತ್ತಕ್ಕೇ ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ಒಬ್ಬ ಆಟಗಾರನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸವೆಂದರೆ ಆಯ್ಕೆಯದ್ದೇ. ಮೊದಲಿಗೆ ಇದ್ದ ಕಸುಬುಗಳು ಆರು: ಕತ್ತಿ ಕೊಡಲಿಯ ವಾರಿಯರ್, ಬಿಲ್ಲಿನ ರೇಂಜರ್, ಗಾಯ ಮಾಯಿಸುವ ಮಾಂಕ್, ಸಾವಿನ ಜೊತೆ ವ್ಯವಹಾರ ಇಟ್ಟುಕೊಂಡ ನೆಕ್ರೊಮ್ಯಾನ್ಸರ್, ಎದುರಾಳಿಯ ಮಂತ್ರವನ್ನು ಗಂಟಲಲ್ಲೇ ತಡೆಯುವ ಮೆಸ್ಮರ್, ಬೆಂಕಿ ಸಿಡಿಲಿನ ಎಲಿಮೆಂಟಲಿಸ್ಟ್. ಇವುಗಳಲ್ಲಿ ಒಂದು ನಿಮ್ಮ ಮೂಲ ಕಸುಬು, ಹುಟ್ಟುವಾಗ ಆರಿಸಿದ್ದು, ಕೊನೆಯತನಕ ಬದಲಾಗದು. ಸ್ವಲ್ಪ ಆಡಿದ ಮೇಲೆ ಎರಡನೆಯದೊಂದು ಸಿಗುತ್ತದೆ. ಇನ್ನೂ ಮುಂದೆ ಹೋದರೆ ಅದನ್ನು ಬೇಕೆಂದಾಗ ಬದಲಿಸಲೂಬಹುದು. ಆರು ಕಸುಬಿಗೆ ಮೂವತ್ತು ಜೋಡಿ. 2006ರಲ್ಲಿ ಎರಡು ಕಂತಿನಲ್ಲಿ ಇನ್ನೂ ನಾಲ್ಕು ಕಸುಬು ಸೇರಿ ತೊಂಬತ್ತಾದವು.

ಸ್ಕಿಲ್‌ಗಳು ಒಟ್ಟು ಸಾವಿರಕ್ಕೂ ಹೆಚ್ಚು. ಆದರೆ ಒಮ್ಮೆಗೆ ಹೊತ್ತುಕೊಂಡು ಹೋಗಲು ಸಿಗುವುದು ಎಂಟೇ. ಆ ಎಂಟರಲ್ಲಿ ‘ಎಲೀಟ್’ ಎನ್ನುವ ದೊಡ್ಡ ಸ್ಕಿಲ್ ಒಂದೇ. ಇದನ್ನೆಲ್ಲ ಊರೊಳಗೆ ಇದ್ದಾಗಲೇ ತೀರ್ಮಾನಿಸಿಕೊಳ್ಳಬೇಕು. ಊರಬಾಗಿಲು ದಾಟಿದ ಮೇಲೆ ಒಂದನ್ನೂ ಬದಲಿಸುವಂತಿಲ್ಲ. ಆಟದ ಮುಕ್ಕಾಲು ಪಾಲು ಊರೊಳಗಿನ ಆ ಕೆಲವು ನಿಮಿಷಗಳಲ್ಲೇ ಮುಗಿದಿರುತ್ತದೆ ಎಂದು ನಾನು ಅಂದರೆ, ಆಡಿದವರು ಯಾರೂ ತಕರಾರು ತೆಗೆಯಲಾರರು.

ಈಗ ಮೆಂಡಿಂಗ್. ಹೊಸಬ ಸಾಮಾನ್ಯವಾಗಿ ವಾರಿಯರ್ ಆಗುತ್ತಾನೆ. ದಪ್ಪ ಕವಚ, ಕೈಯಲ್ಲಿ ಕತ್ತಿ, ಎದೆ ಕೊಟ್ಟು ನಿಲ್ಲುವ ಕೆಲಸ. ಎರಡನೆಯ ಕಸುಬು ಕೇಳಿದಾಗ ಅವನ ತಲೆಗೆ ಮೊದಲು ಹೊಳೆಯುವುದು ಮಾಂಕ್: ನಾನೇ ಹೊಡೆಯುತ್ತೇನೆ, ನಾನೇ ಮಾಯಿಸಿಕೊಳ್ಳುತ್ತೇನೆ, ಯಾರ ಹಂಗೂ ಬೇಡ. ಮಾಂಕ್‌ನ ಪಟ್ಟಿಯಲ್ಲಿ ಮೆಂಡಿಂಗ್ ಎಂಬ ಮಂತ್ರ ಕಣ್ಣಿಗೆ ಬೀಳುತ್ತದೆ. ಒಮ್ಮೆ ಹಾಕಿಕೊಂಡರೆ ಬಿಡುವ ತನಕ ಇರುತ್ತದೆ, ಗಾಯ ಸಣ್ಣಗೆ ಮಾಯುತ್ತಲೇ ಇರುತ್ತದೆ. ಇದಕ್ಕಿಂತ ಇನ್ನೇನು ಬೇಕು? ಇಂಥ ವಾರಿಯರ್-ಮಾಂಕ್ ಎಷ್ಟು ಜನ ಹುಟ್ಟಿಕೊಂಡರೆಂದರೆ, ಹಳಬರು ಅವರಿಗೆ ‘ವಾಮ್ಮೊ’ ಎಂದು ಹೆಸರಿಟ್ಟು ಆಡಿಕೊಂಡು ನಗತೊಡಗಿದರು. ತೆಲುಗು ಬಲ್ಲ ನಮ್ಮ ಕಡೆಯವರಿಗೆ ಆ ಹೆಸರಿನಲ್ಲೇ ಒಂದು ಉದ್ಗಾರ ಕೇಳಿಸುತ್ತದೆ, ಅದು ಬೇರೆ ಮಾತು.

ನಗುವುದಕ್ಕೆ ಲೆಕ್ಕದ ಆಧಾರವಿತ್ತು. ಮಂತ್ರ ಹಾಕಲು ಎನರ್ಜಿ ಬೇಕು. ಅದು ಬಾಣದ ಗುರುತುಗಳ ಲೆಕ್ಕದಲ್ಲಿ ತುಂಬಿಕೊಳ್ಳುತ್ತದೆ. ಒಂದು ಬಾಣವೆಂದರೆ ಮೂರು ಸೆಕೆಂಡಿಗೆ ಒಂದು ಎನರ್ಜಿ. ಮಾಂಕ್‌ಗೆ ನಾಲ್ಕು ಬಾಣ, ವಾರಿಯರ್‌ಗೆ ಎರಡೇ. ಅವನ ಪಾತ್ರೆಯೂ ಚಿಕ್ಕದು, ಇಪ್ಪತ್ತು. ಮೆಂಡಿಂಗ್ ಹಾಕಲು ಹತ್ತು ಎನರ್ಜಿ, ಉಳಿಸಿಕೊಳ್ಳಲು ಒಂದು ಬಾಣ. ಅಂದರೆ ಆ ಮಂತ್ರ ಹೊತ್ತ ವಾರಿಯರ್ ಇಡೀ ಯುದ್ಧದಲ್ಲಿ ತನ್ನ ಒರತೆಯ ಅರ್ಧವನ್ನು ಅದಕ್ಕೇ ಕಟ್ಟುತ್ತಿರುತ್ತಾನೆ. ಬದಲಿಗೆ ಬರುವುದೇನು? ಲೆವೆಲ್ ಏರಿದಂತೆ ಸಿಗುವ ಪಾಯಿಂಟ್‌ಗಳನ್ನು ಮಾಯಿಸುವ ವಿದ್ಯೆಗೆ ಹಾಕದಿದ್ದರೆ ಸೆಕೆಂಡಿಗೆ ಎರಡು ಹೆಲ್ತ್, ಹಾಕಿದರೆ ನಾಲ್ಕೋ ಆರೋ. ಇಪ್ಪತ್ತನೆಯ ಲೆವೆಲ್‌ನವನ ಹೆಲ್ತ್ 480. ದೊಡ್ಡ ರಾಕ್ಷಸನ ಒಂದೇ ಏಟಿಗೆ ಅದರಲ್ಲಿ ನೂರು ಹಾರಿಹೋಗುವ ಜಾಗದಲ್ಲಿ ಈ ಎರಡು, ನಾಲ್ಕು ಯಾವ ಮೂಲೆಗೆ? ಇನ್ನೊಂದು ಕಡೆ ಅವನ ಕತ್ತಿಯ ಏಟುಗಳು ಬಡವಾದವು, ಏಕೆಂದರೆ ಪಾಯಿಂಟ್‌ಗಳೆಲ್ಲ ಮಾಂಕ್‌ನ ವಿದ್ಯೆಗೆ ಹೋಗಿವೆ.

ನಮ್ಮ ತಾಲ್ಲೂಕಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯನ್ನೇ ನಂಬಿದ ಮಾವಿನ ತೋಪಿನವನು, ಪಕ್ಕದವನು ರೇಷ್ಮೆಯಲ್ಲಿ ದುಡ್ಡು ಕಂಡನೆಂದು ಹಿಪ್ಪುನೇರಳೆ ನಾಟಿದರೆ ಮೊದಲು ಏಳುವ ಪ್ರಶ್ನೆ ನೀರಿನದು. ಮಾವು ಬೇಸಿಗೆಯನ್ನು ತಡೆದುಕೊಳ್ಳುತ್ತದೆ, ಹುಳು ತಡೆದುಕೊಳ್ಳುವುದಿಲ್ಲ. ಅದಕ್ಕೆ ದಿನವೂ ಸೊಪ್ಪು, ಸೊಪ್ಪಿಗೆ ಸದಾ ನೀರು, ನೀರಿಗೆ ಸಾವಿರ ಅಡಿ ಇಳಿದ ಬೋರು. ಅದೇ ಮನುಷ್ಯ ತೋಪಿನ ನೆರಳಲ್ಲೇ ಬದುಕುವ, ಮಾವಿನ ಬಿಡುವಿನ ತಿಂಗಳುಗಳಲ್ಲೇ ಕೈಗೆ ಕೆಲಸ ಕೇಳುವ ಇನ್ನೇನನ್ನಾದರೂ ಹಿಡಿದರೆ ಎರಡೂ ಉಳಿಯುತ್ತವೆ. ಎರಡನೆಯದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದನ್ನಷ್ಟೇ ನೋಡಿ ಹೇಳಲಾಗದು; ಮೊದಲನೆಯದರ ನೀರು ಎಷ್ಟಿದೆ ಎಂದು ನೋಡಿ ಹೇಳಬೇಕು.

ಪಾಯಿಂಟ್‌ಗಳ ವಿಚಾರಕ್ಕೆ ಬರೋಣ, ಅಲ್ಲಿಯೇ ಈ ಆಟದ ನಿಜವಾದ ಚಾಣಾಕ್ಷತನ ಇರುವುದು. ಇಪ್ಪತ್ತನೆಯ ಲೆವೆಲ್ ತಲುಪಿ, ಅದಕ್ಕೆಂದೇ ಇಟ್ಟ ಕೆಲಸಗಳನ್ನೂ ಮುಗಿಸಿದವನಿಗೆ ಒಟ್ಟು 200 ಪಾಯಿಂಟ್. ಕೊಡಲಿ, ಬೆಂಕಿ, ರಕ್ತ, ರಕ್ಷಣೆ ಹೀಗೆ ಒಂದೊಂದು ವಿದ್ಯೆಯನ್ನೂ ಸೊನ್ನೆಯಿಂದ ಹನ್ನೆರಡರವರೆಗೆ ಏರಿಸಬಹುದು. ಮೊದಲ ಮೆಟ್ಟಿಲಿಗೆ ಒಂದು ಪಾಯಿಂಟ್, ಎರಡನೆಯದಕ್ಕೆ ಎರಡು, ಏಳರವರೆಗೆ ಹೀಗೇ. ಅಲ್ಲಿಂದ ಏರು ಕಡಿದಾಗುತ್ತದೆ: ಒಂಬತ್ತು, ಹನ್ನೊಂದು, ಹದಿಮೂರು, ಹದಿನಾರು, ಕೊನೆಯ ಮೆಟ್ಟಿಲಿಗೆ ಇಪ್ಪತ್ತು. ಕೂಡಿದರೆ ಒಂದು ವಿದ್ಯೆಯನ್ನು ಹನ್ನೆರಡಕ್ಕೆ ಮುಟ್ಟಿಸಲು 97. ಎರಡು ವಿದ್ಯೆ ತುದಿ ಮುಟ್ಟಿದರೆ 194 ಖಾಲಿ, ಉಳಿದ ಆರರಲ್ಲಿ ಮೂರನೆಯದು ಮೂರೇ ಮೆಟ್ಟಿಲು ಏರುತ್ತದೆ. ಕೊನೆಯ ಆ ಇಪ್ಪತ್ತನ್ನು ಉಳಿಸಿಕೊಂಡರೆ ಇನ್ನೊಂದು ವಿದ್ಯೆ ಸೊನ್ನೆಯಿಂದ ಐದಕ್ಕೇರಿ ಮೇಲೆ ಐದು ಪಾಯಿಂಟ್ ಮಿಗುತ್ತದೆ. ಹನ್ನೆರಡು-ಹತ್ತು-ಎಂಟು ಮಾಡಿದರೆ 195. ಈ ಲೆಕ್ಕ ಹಾಕುತ್ತ ರಾತ್ರಿ ಕಳೆದವರು ಪರೀಕ್ಷೆಯ ಗಣಿತಕ್ಕೆ ಅಷ್ಟು ಕೂತಿರಲಿಕ್ಕಿಲ್ಲ.

ಇದರ ಮೇಲೆ ಇನ್ನೊಂದು ಕಟ್ಟು. ರೂನ್ ಎಂಬ ಕಲ್ಲುಗಳನ್ನು ಕವಚಕ್ಕೆ ಕೂಡಿಸಿ, ತಲೆಗೆ ತಕ್ಕ ಮುಕುಟ ಇಟ್ಟು, ಹನ್ನೆರಡನ್ನು ಹದಿನಾರರವರೆಗೂ ಎಳೆಯಬಹುದು. ಆದರೆ ಮೂಲ ಕಸುಬಿನ ವಿದ್ಯೆಗೆ ಮಾತ್ರ. ಎರಡನೆಯದು ಎಷ್ಟು ತಿಣುಕಿದರೂ ಹನ್ನೆರಡಕ್ಕೇ ನಿಲ್ಲುತ್ತದೆ. ಎರಡನೆಯ ಕಸುಬಿನಲ್ಲಿ ನೀವು ಯಾವತ್ತೂ ಅದರ ಮೂಲದವನನ್ನು ಮೀರಿಸಲಾರಿರಿ. ಹಾಗಿದ್ದ ಮೇಲೆ ಅಲ್ಲಿಂದ ಏನನ್ನು ತರಬೇಕು?

ಪಳಗಿದವರು ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಎರಡು ನನಗೆ ಬಹಳ ಇಷ್ಟ. ಮೊದಲನೆಯದು ಪಾಯಿಂಟ್ ಕೇಳದ ಸ್ಕಿಲ್ ಹುಡುಕುವುದು. ಎಲಿಮೆಂಟಲಿಸ್ಟ್‌ನ ಪಟ್ಟಿಯಲ್ಲಿ ‘ಶಾಕ್’ ಎಂಬ ಸಣ್ಣ ಸ್ಕಿಲ್ ಇದೆ. ಬೆಲೆ ಐದೇ ಎನರ್ಜಿ. ಮುಟ್ಟುವಷ್ಟು ಹತ್ತಿರವಿರುವ ಎದುರಾಳಿಗೆ ಮಿಂಚಿನ ಹೊಡೆತ ಕೊಟ್ಟು ನೆಲಕ್ಕೆ ಬೀಳಿಸುತ್ತದೆ. ಹೊಡೆತ ಎಷ್ಟು ಜೋರು ಎಂಬುದು ವಿದ್ಯೆಯ ಮಟ್ಟಕ್ಕೆ ಸೇರಿದ್ದು, ಆದರೆ ಬೀಳಿಸುವುದಕ್ಕೆ ಯಾವ ಮಟ್ಟವೂ ಬೇಡ. ಸೊನ್ನೆಯಿದ್ದರೂ ಬಿದ್ದೇ ಬೀಳುತ್ತಾನೆ. ಬೆಂಕಿ ಬಾಣಗಳನ್ನು ದೂರದಿಂದ ಎಸೆಯುವ ಎಲಿಮೆಂಟಲಿಸ್ಟ್‌ಗೆ ಎದುರಾಳಿಯ ಪಕ್ಕಕ್ಕೆ ಹೋಗುವುದೇ ಅಪಾಯ, ಅವನಿಗೆ ಇದು ಅಷ್ಟಕ್ಕಷ್ಟೇ. ವಾರಿಯರ್ ಅಲ್ಲೇ ನಿಂತಿರುತ್ತಾನೆ. ಅವನ ಕೊಡಲಿಯ ದೊಡ್ಡ ಏಟುಗಳಿಗೆ ಎನರ್ಜಿಯೂ ಬೇಡ, ಹೊಡೆಯುತ್ತ ಹೋದಂತೆ ಏರುವ ಅಡ್ರಿನಲಿನ್ ಸಾಕು. ‘ಇವಿಸರೇಟ್’ ಬೀಸಿ ಗಾಯ ಆಳ ಮಾಡುತ್ತಾನೆ, ಮಾಯಿಸಲು ಮಾಂಕ್ ಬಾಯಿ ತೆರೆದ ಕ್ಷಣಕ್ಕೆ ಶಾಕ್ ಕೊಟ್ಟು ಕೆಡವುತ್ತಾನೆ, ಏಳುವಷ್ಟರಲ್ಲಿ ಮುಂದಿನ ಏಟು ಸಿದ್ಧ. ‘ಶಾಕ್ ಆ್ಯಕ್ಸ್’ ಎಂದು ಇದಕ್ಕೆ ಹೆಸರು. ಬಿಟ್ಟಿಯೇನೂ ಅಲ್ಲ: ಪ್ರತಿ ಬಾರಿಯೂ ಪಾತ್ರೆಯ ಅಳತೆಯೇ ತಾತ್ಕಾಲಿಕವಾಗಿ ಹತ್ತು ಕುಗ್ಗುತ್ತದೆ, ಇಪ್ಪತ್ತರ ಪಾತ್ರೆಯವನಿಗೆ ಅದು ದೊಡ್ಡ ತೆರಿಗೆ. ಹಾಗಾಗಿ ಶಾಕ್ ಒತ್ತುವ ಬೆರಳಿಗೆ ತಾಳ್ಮೆ ಬೇಕು. ಆದರೂ ಇಡೀ ಎಲಿಮೆಂಟಲಿಸ್ಟ್ ಕಸುಬಿನಿಂದ ಒಂದೇ ಒಂದು ಸ್ಕಿಲ್ ತಂದು, ಅದಕ್ಕೆ ಒಂದು ಪಾಯಿಂಟೂ ಹಾಕದೆ ಗೆದ್ದವರ ಜಾಣತನಕ್ಕೆ ನಾನು ತಲೆದೂಗುತ್ತೇನೆ.

ಎರಡನೆಯ ದಾರಿ ಇನ್ನೂ ಸೊಗಸು. ಪ್ರತಿ ಕಸುಬಿಗೂ ಅದನ್ನು ಮೂಲವಾಗಿ ಹಿಡಿದವನಿಗೆ ಮಾತ್ರ ಸಿಗುವ ಒಂದು ವಿದ್ಯೆ ಇರುತ್ತದೆ. ರೇಂಜರ್‌ನದು ‘ಎಕ್ಸ್‌ಪರ್ಟೀಸ್’. ಅದು ಮೆಟ್ಟಿಲಿಗೆ ನೂರಕ್ಕೆ ನಾಲ್ಕರಂತೆ ಎನರ್ಜಿಯ ಬೆಲೆ ಇಳಿಸುತ್ತದೆ: ಬಿಲ್ಲಿನ ಹೊಡೆತಗಳಿಗೂ, ತನ್ನ ಕಸುಬಿನ ಸ್ಕಿಲ್‌ಗಳಿಗೂ, ಜೊತೆಗೆ ಮುಟ್ಟಿ ಮಾಡುವ ಯಾವುದೇ ಸ್ಕಿಲ್‌ಗೂ. ಕೊನೆಯ ಆ ತುಣುಕನ್ನು ಯಾರೋ ಗಮನವಿಟ್ಟು ಓದಿದರು. ನೆಕ್ರೊಮ್ಯಾನ್ಸರ್‌ನ ಹತ್ತಿರ ‘ವ್ಯಾಂಪಿರಿಕ್ ಟಚ್’ ಇದೆ. ಮುಟ್ಟಿದೊಡನೆ ಕವಚದ ಹಂಗಿಲ್ಲದೆ ಎದುರಾಳಿಯ ಹೆಲ್ತ್ ಕದ್ದು ತನಗೆ ಸೇರಿಸಿಕೊಳ್ಳುತ್ತದೆ. ಬೆಲೆ ಹದಿನೈದು, ದುಬಾರಿ; ಮೇಲಿಂದ ಮೇಲೆ ಹಾಕಿದರೆ ನೆಕ್ರೊಮ್ಯಾನ್ಸರೇ ಬತ್ತಿಹೋಗುತ್ತಾನೆ. ರೇಂಜರ್ ತನ್ನ ಎಕ್ಸ್‌ಪರ್ಟೀಸನ್ನು ಹದಿಮೂರಕ್ಕೇರಿಸಿ ಅದೇ ಸ್ಕಿಲ್ ಎತ್ತಿಕೊಂಡರೆ ಬೆಲೆ ಏಳು. ಅದರ ಅಣ್ಣತಮ್ಮನಂಥ ‘ವ್ಯಾಂಪಿರಿಕ್ ಬೈಟ್’ ಕೂಡ ಹಾಗೇ. ಬಿಲ್ಲನ್ನು ಮೂಲೆಗಿಟ್ಟು, ಎರಡನ್ನೂ ಒಂದಾದ ಮೇಲೊಂದು ಒತ್ತುತ್ತ ಓಡಾಡುವ ‘ಟಚ್ ರೇಂಜರ್’ಗಳು ಒಂದು ಕಾಲಕ್ಕೆ ಕಣದ ತುಂಬ ಇದ್ದರು. ಎದುರಿಗೆ ಸಿಕ್ಕವರು ಬೈದುಕೊಂಡದ್ದೂ ಅಷ್ಟೇ.

ನೆಕ್ರೊಮ್ಯಾನ್ಸರ್ ತನ್ನ ಸೇಡನ್ನು ಬೇರೆ ಕಡೆ ತೀರಿಸಿಕೊಂಡ. ಅವನಿಗೆ ಮಾತ್ರ ಸಿಗುವ ವಿದ್ಯೆ ‘ಸೋಲ್ ರೀಪಿಂಗ್’. ಹತ್ತಿರದಲ್ಲಿ ಯಾವ ಜೀವ ಸತ್ತರೂ ಅವನಿಗೆ ಎನರ್ಜಿ. 2006ರಲ್ಲಿ ಬಂದ ರಿಚುವಲಿಸ್ಟ್ ಎಂಬ ಕಸುಬಿನಲ್ಲಿ ಗಾಯ ಮಾಯಿಸುವ ಒಳ್ಳೆಯ ಮಂತ್ರಗಳಿದ್ದವು. ಸಾವನ್ನು ಕೊಯ್ದು ಸಂಪಾದಿಸಿದ ಎನರ್ಜಿಯನ್ನು ಗೆಳೆಯರ ಗಾಯಕ್ಕೆ ಸುರಿಯುವ ನೆಕ್ರೊಮ್ಯಾನ್ಸರ್, ದೀರ್ಘ ಯುದ್ಧಗಳಲ್ಲಿ ಹುಟ್ಟಾ ವೈದ್ಯರಿಗಿಂತ ಹೆಚ್ಚು ಹೊತ್ತು ನಿಂತ. ಎರಡನೆಯ ಕಸುಬಿನ ಸ್ಕಿಲ್ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ಇದನ್ನು ನಾನು ಇದರ ಮಾಲೀಕನಿಗಿಂತ ಅಗ್ಗವಾಗಿ ನಡೆಸಬಲ್ಲೆನೆ?

ಮೆಂಡಿಂಗ್‌ಗೆ ಅನ್ಯಾಯ ಮಾಡಬಾರದು. ಅದಕ್ಕೂ ಒಂದು ಒಳ್ಳೆಯ ಮನೆ ಸಿಕ್ಕಿತು, ಅದೂ ಈ ಆಟದ ಅತಿ ವಿಚಿತ್ರ ಮನೆ. ಮಾಂಕ್‌ನ ‘ಪ್ರೊಟೆಕ್ಟಿವ್ ಸ್ಪಿರಿಟ್’ ಮಂತ್ರದ ನಿಯಮ ಇಷ್ಟು: ಒಂದು ಏಟಿಗೆ ನಿಮ್ಮ ಒಟ್ಟು ಹೆಲ್ತ್‌ನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೋಗದು. ಎಲ್ಲರೂ ಹೆಲ್ತ್ ಹೆಚ್ಚಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಕೆಲವರು ತಿರುಗಿಸಿ ಯೋಚಿಸಿದರು. ಅತಿ ಬಲದ ರೂನ್ ಒಂದಕ್ಕೆ 75 ಹೆಲ್ತ್ ದಂಡ. ಐದು ಕೂಡಿಸಿದರೆ 375 ಹೋಗಿ 480ರಲ್ಲಿ 105 ಉಳಿಯಿತು. 50 ಕಳೆಯುವ ವಸ್ತುವೊಂದನ್ನು ಎಡಗೈಗೆ ಹಿಡಿದರೆ ಉಳಿದದ್ದು 55. ಈಗ ಎಂಥ ರಾಕ್ಷಸ ಬೀಸಿದರೂ ಏಟಿಗೆ ಐದೇ! ಸೆಕೆಂಡಿಗೆ ಆರೆಂಟು ಹೆಲ್ತ್ ಮಾಯಿಸುವ ಮೆಂಡಿಂಗ್ ಇಲ್ಲಿ ರಾಜ. ‘55 ಮಾಂಕ್’ ಎಂದು ಹೆಸರಾದ ಈ ಬಡಕಲು ಸನ್ಯಾಸಿ, ಎಂಟು ಜನರ ತಂಡ ಹೋಗುವ ಕಡೆ ಒಬ್ಬನೇ ಹೋಗಿ ನಿಂತು ಸಂಪತ್ತು ಹೊತ್ತು ತರುತ್ತಿದ್ದ. ಅವನ ಎರಡನೆಯ ಕಸುಬು ಮಾತ್ರ ಎದುರಾಳಿಯನ್ನು ನೋಡಿ ಬದಲಾಗುತ್ತಿತ್ತು. ಮಂತ್ರ ಕಿತ್ತುಹಾಕುವ ಒಬ್ಬ ಶತ್ರು ಸಿಕ್ಕರೆ ಸಾಕು, ಒಂದು ಕ್ಷಣದಲ್ಲಿ ಕತೆ ಮುಗಿಯುತ್ತಿತ್ತು. ಹೆಲ್ತ್ ಕದಿಯುವ ಟಚ್ ರೇಂಜರ್ ಎದುರೂ ಅಷ್ಟೇ, ಕದಿಯುವುದು ಏಟಿನ ಲೆಕ್ಕಕ್ಕೆ ಬರುವುದಿಲ್ಲವಲ್ಲ.

ಎರಡು ಕಸುಬಿನ ಈ ಕಲ್ಪನೆ ಗಿಲ್ಡ್ ವಾರ್ಸ್‌ಗಿಂತ ಬಹಳ ಹಳೆಯದು. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೇಜಿನ ಸುತ್ತ ಕುಳಿತು ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ತಂದರು. 1978ರ ಅದರ ನಿಯಮ ಪುಸ್ತಕದಲ್ಲಿ ಮನುಷ್ಯ ಪಾತ್ರ ನಡುವೆ ಕಸುಬು ಬದಲಿಸಬಹುದಿತ್ತು, ಆದರೆ ಷರತ್ತು ಕಠಿಣ: ಹಳೆಯ ಕಸುಬಿಗೆ ಬೇಕಾದ ಮುಖ್ಯ ಗುಣದಲ್ಲಿ 15, ಹೊಸದರಲ್ಲಿ 17 ಅಂಕ ಇರಲೇಬೇಕು. ಕೆನಡಾದ ಬಯೋವೇರ್ ಕಂಪನಿ 1998ರ ತನ್ನ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್‌ನಲ್ಲಿ ಇದನ್ನೇ ಬಳಸಿತು. ಅಲ್ಲಿ ಹೊಸ ಕಸುಬು ಹಿಡಿದ ದಿನದಿಂದ ಹಳೆಯ ವಿದ್ಯೆಗೆ ಬೀಗ. ಹೊಸದರ ಲೆವೆಲ್ ಹಳೆಯದನ್ನು ದಾಟಿದ ಮೇಲೆಯೇ ಬೀಗ ತೆರೆಯುವುದು. ಮೂರನೆಯ ಲೆವೆಲ್‌ವರೆಗೆ ಯೋಧನಾಗಿದ್ದವನು ಮಾಂತ್ರಿಕನಾಗಿ ನಾಲ್ಕು ಮುಟ್ಟುವವರೆಗೂ ಬರಿಗೈ. ಜಪಾನಿನಲ್ಲಿ 2002ರಲ್ಲಿ ಬಂದ ಫೈನಲ್ ಫ್ಯಾಂಟಸಿ 11ರಲ್ಲಿ ಎರಡನೆಯ ಕಸುಬಿಗೆ ಮೊದಲನೆಯದರ ಅರ್ಧ ಲೆವೆಲ್ ಮಾತ್ರ ಬೆಲೆ. ಅದರಲ್ಲೂ ನಿಂಜಾನ ‘ಉತ್ಸುಸೆಮಿ’ ಎಂಬ ನೆರಳಿನ ವಿದ್ಯೆಯನ್ನು, ಏಟು ತಿನ್ನುವ ಬದಲು ನೆರಳುಗಳಿಗೆ ತಿನ್ನಿಸುವ ಉಪಾಯವೆಂದು ಹಲವು ಕಸುಬಿನವರು ಎತ್ತಿಕೊಂಡರು. ಆ ನೆರಳುಗಳ ಬಲದಿಂದ ನಿಂಜಾ ತಾನೇ ಎದೆಗೊಟ್ಟು ನಿಲ್ಲುವವನಾದ; ಆಟ ಕಟ್ಟಿದವರು ಹಾಗೆಂದು ಯೋಚಿಸಿಯೇ ಇರಲಿಲ್ಲ.

ಎರವಲು ವಿದ್ಯೆಯ ಮೇಲೆ ಮನೆ ಕಟ್ಟಿದವನಿಗೆ ಒಂದು ಭಯ ಸದಾ ಇರುತ್ತದೆ: ನಿಯಮ ಬದಲಾದರೆ? ಅರೆನಾನೆಟ್ ಆಗಾಗ ಸ್ಕಿಲ್‌ಗಳ ತೂಕ ತಿದ್ದುತ್ತಿತ್ತು. ಸೋಲ್ ರೀಪಿಂಗ್‌ಗೂ ಮಿತಿ ಬಂತು, ಹದಿನೈದು ಸೆಕೆಂಡಿಗೆ ಮೂರು ಸಾವಿನ ಲೆಕ್ಕ ಮಾತ್ರ. ಒಂದೇ ಸ್ಕಿಲ್ ಸುತ್ತ ಎಂಟನ್ನೂ ಹೆಣೆದಿದ್ದವರು ಬೆಳಗಾಗುವಷ್ಟರಲ್ಲಿ ಬೀದಿಗೆ ಬಿದ್ದರು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ಒಳಗೆ ಬಾರದಂತೆ ತಡೆದಾಗ, ಗಡಿಯಾಚೆಯ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ನಮ್ಮ ತೋಪಿನವರು ಪಟ್ಟ ಪಾಡು ನೋಡಿದವರಿಗೆ ಆ ಆಟಗಾರರ ಗೋಳು ಸಣ್ಣದಾಗಿ ಕಾಣಬಹುದು. ಕಾಣಲಿ, ಅದು ನ್ಯಾಯವೇ.

ಇನ್ನು ಉಳಿದದ್ದು ಎಂಟನೆಯ ಜಾಗ. ‘ರಿಸರೆಕ್ಷನ್ ಸಿಗ್ನೆಟ್’ ಎಂಬುದು ಯಾವ ಕಸುಬಿಗೂ ಸೇರದ ಸ್ಕಿಲ್. ಎನರ್ಜಿ ಬೇಡ, ಪಾಯಿಂಟ್ ಬೇಡ, ಬಿದ್ದ ಗೆಳೆಯನನ್ನು ಒಮ್ಮೆ ಎಬ್ಬಿಸುತ್ತದೆ. ಅದನ್ನು ಇಟ್ಟುಕೊಂಡರೆ ನಿಮ್ಮ ಚಂದದ ಜೋಡಣೆಗೆ ಏಳೇ ಜಾಗ. ಹಾಗೆಂದು ತಂಡದ ಎಂಟೂ ಜನ ಅದನ್ನು ಬಿಟ್ಟು ಬಂದು, ಮೊದಲ ತಿರುವಿನಲ್ಲೇ ಮಾಂಕ್ ಬಿದ್ದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುವುದು ಆ ಆಟದಲ್ಲಿ ದಿನನಿತ್ಯದ ದೃಶ್ಯ. ಹೊಸ ಎಲೀಟ್ ಕಲಿಯಲು ಹೊರಟರೆ ಇನ್ನೂ ಇಕ್ಕಟ್ಟು: ಅದನ್ನು ಬಳಸುವ ‘ಬಾಸ್’ ಎಂಬ ದೊಡ್ಡ ರಾಕ್ಷಸನನ್ನು ಹುಡುಕಿ ಕೊಂದು, ಕೊಂದ ಜಾಗದಲ್ಲೇ ಕದಿಯಬೇಕು. ಕದಿಯುವುದಕ್ಕೂ ಒಂದು ಸಿಗ್ನೆಟ್ ಇದೆ, ಅದೂ ಎಂಟರಲ್ಲಿ ಒಂದು ಜಾಗ ತಿನ್ನುತ್ತದೆ. ಕಲಿಯಲು ಹೋಗುವ ದಿನ ಏಳು ಅಥವಾ ಆರು ಸ್ಕಿಲ್‌ನಲ್ಲೇ ಗೆಲ್ಲುವಂತೆ ಜೋಡಣೆ ಕಟ್ಟಿಕೊಂಡೇ ಊರಬಾಗಿಲು ದಾಟಬೇಕು. ವಾಮ್ಮೊಗಳಲ್ಲಿ ಹೆಚ್ಚಿನವರು ಮೆಂಡಿಂಗ್ ತೆಗೆದಿಟ್ಟದ್ದು ಇಂಥ ದಿನವೇ, ಬೇರೆ ಜಾಗ ಇಲ್ಲದೆ. ತೆಗೆದ ಮೇಲೂ ತಾವು ಸಾಯಲಿಲ್ಲವೆಂದು ಅವರಿಗೆ ತಿಳಿದದ್ದು ವಾಪಸು ಬಂದು ಸ್ಕಿಲ್ ಪಟ್ಟಿ ತೆರೆದಾಗ.